ಹಳೇ ಮನೆ ಜೊತೆ ಬಂದಿರೋ ಡಿಶ್‌ವಾಶರ್: ಯಾವ ಕಂಪನಿದು, ಎಷ್ಟು ಹಳೇದು, ರಿಪೇರಿ ಆಗತ್ತಾ?

ತುಂಗಾತೀರ (ಡೇಟನ್, ಓಹಾಯೋ)

ಎಲ್ರಿಗೂ ನಮಸ್ಕಾರ. ನಾವು ಡೇಟನ್ ಹೊರಗಡೆ 1962ರಲ್ಲಿ ಕಟ್ಟಿದ ಒಂದು ಇಟ್ಟಿಗೆ ಮನೆ ತಗೊಂಡಿದೀವಿ. ಮಾರಿದವರು ಮನೆ ಕಟ್ಟಿಸಿದ ದಂಪತಿಯ ಮಗಳು. ಅವರಮ್ಮ ಅಡುಗೆಮನೆನ ಎಷ್ಟು ಜೋಪಾನವಾಗಿ ಇಟ್ಕೊಂಡಿದ್ರು ಅಂದ್ರೆ ಡ್ರಾಯರ್ ಒಳಗೆ ಹಾಸಿರೋ ಕಾಗದ ಕೂಡ ಆ ಕಾಲದ್ದೇ ಇರ್ಬೇಕು. ಸಿಂಕ್ ಪಕ್ಕದಲ್ಲಿ ಒಂದು ಡಿಶ್‌ವಾಶರ್ ಇದೆ, ಪ್ರಶ್ನೆ ಅದರ ಬಗ್ಗೆ.

ಮುಂದಿನ ಬಾಗಿಲು ತಾಮ್ರದ ಬಣ್ಣ, ಕಂಪನಿ ಹೆಸರಿನ ಬಿಲ್ಲೆ ಬಿದ್ದು ಹೋಗಿ ಎರಡು ಸಣ್ಣ ತೂತು ಮಾತ್ರ ಉಳಿದಿದೆ. ಮೇಲೆ ಒತ್ತೋ ಬಟನ್‌ಗಳು, ಡಿಸ್‌ಪ್ಲೇ ಅದೂ ಇದೂ ಏನಿಲ್ಲ. ಬಾಗಿಲು ಕೆಳಗೆ ತೆರ್ಕೊಳತ್ತೆ, ತುಂಬಾ ಭಾರ. ಒಳಗೆ ಸ್ಟೀಲ್ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ, ಪಿಂಗಾಣಿ ಲೇಪದ ತಗಡು, ಬೂದು ಬಣ್ಣದ ಮೇಲೆ ಬಿಳಿ ಚುಕ್ಕೆ. ಬಾಗಿಲಿನ ಹತ್ರ ಒಂದೆರಡು ಕಡೆ ಚಕ್ಕೆ ಎದ್ದು ತುಕ್ಕು ಕಾಣ್ತಿದೆ. ಪಾತ್ರೆ ಜೋಡಿಸೋ ಎರಡು ಜಾಲರಿ ಇವೆ, ಮೇಲಿನ ರಬ್ಬರ್ ಥರದ ಕೋಟಿಂಗ್ ಅಲ್ಲಲ್ಲಿ ಕಿತ್ತಿದೆ. ತಳದಲ್ಲಿ ತಿರುಗೋ ಕೈ ಇದೆ, ಬೆರಳಲ್ಲಿ ತಳ್ಳಿದ್ರೆ ಸುಲಭವಾಗಿ ತಿರುಗತ್ತೆ.

ಮನೆ ಇನ್‌ಸ್ಪೆಕ್ಷನ್ ರಿಪೋರ್ಟಲ್ಲಿ "ಕೆಲಸ ಮಾಡಲ್ಲ, ಬದಲಾಯಿಸಿ" ಅಂತ ಒಂದೇ ಸಾಲು. ಆದ್ರೆ ಆ ಮಗಳು ಹೇಳಿದ್ದು ಬೇರೆ, ಅಮ್ಮ ಒಬ್ರೇ ಇದ್ದಿದ್ರಿಂದ ಕೊನೇ ವರ್ಷಗಳಲ್ಲಿ ಬಳಸ್ತಿರ್ಲಿಲ್ಲ ಅಷ್ಟೇ, ಕೆಟ್ಟಿರ್ಲಿಲ್ಲ ಅಂತ. ನಮ್ಮನೆಯವರು ಹೊಸದು ತರೋಣ ಅಂತಾರೆ. ನಂಗೆ ಇದನ್ನ ಎಸೆಯೋಕೆ ಮನಸ್ಸೇ ಬರ್ತಿಲ್ಲ, ಇಷ್ಟು ಗಟ್ಟಿಯಾಗಿ ಮಾಡಿರೋ ವಸ್ತುನ ಒಂದ್ಸಲ ಬಿಚ್ಚಿ ಕೂಡ ನೋಡ್ದೆ ರಸ್ತೆ ಬದಿಗೆ ಇಡೋದು ಸರಿ ಅನ್ನಿಸ್ತಿಲ್ಲ. ಇದು ಯಾವ ಕಂಪನಿದು ಅಂತ ಹೇಗೆ ಗೊತ್ತು ಮಾಡ್ಕೊಳೋದು? ಮನೇಲಿ ಎರಡು ವರ್ಷದ ಮಗು ಇದೆ, ಹಾಗಾಗಿ ಸೇಫ್ಟಿ ಮೊದಲು, ಆಮೇಲೆ ಮಿಕ್ಕಿದ್ದು.

ಪಂಪ್ ಭಟ್ (ಕೊಲಂಬಸ್)

ಮೇಡಂ, ಸದ್ಯಕ್ಕೆ ಕರೆಂಟ್ ಕೊಡೋದು ಬೇಡ, ನೀರೂ ಬಿಡೋದು ಬೇಡ. ಬ್ರೇಕರ್ ಆಫ್ ಮಾಡಿ, ಸಿಂಕ್ ಕೆಳಗಿನ ವಾಲ್ವ್ ಮುಚ್ಚಿ, ಆಮೇಲೆ ನೆಮ್ಮದಿಯಾಗಿ ನೋಡಿ. ಎಷ್ಟೋ ಹಳೇ ಮೆಷಿನ್ ಹಾಳಾಗೋದು "ಓಡತ್ತಾ ನೋಡೋಣ" ಅಂತ ಮೊದಲ ದಿನ ಬಟನ್ ಒತ್ತಿದಾಗಲೇ. ಪಂಪಿನ ಸೀಲ್ ಒಣಗಿ ಅಂಟ್ಕೊಂಡಿರತ್ತೆ, ಮೋಟರ್ ಎಳೆದ ತಕ್ಷಣ ಅದು ಹರಿದು ನೀರು ನೇರ ಮೋಟರ್ ಮೇಲೆ ಇಳಿಯತ್ತೆ.

ನಾನು ಪಂಪ್ ಕಂಪನಿಯಲ್ಲೇ ಕೆಲಸ ಮಾಡಿ ರಿಟೈರ್ ಆದವನು, ಹಳೇ ಡಿಶ್‌ವಾಶರ್ ಬಿಚ್ಚೋದು ನಂಗೆ ಬಹಳ ಇಷ್ಟದ ಕೆಲಸ. ನೀವು ಹೇಳಿದ್ದರಲ್ಲಿ ಎರಡು ವಿಷಯ ಮುಖ್ಯ. ಒಂದು ಪಿಂಗಾಣಿ ಟ್ಯಾಂಕ್, ಇನ್ನೊಂದು ತಿರುಗೋ ಕೈ. 1950ರ ದಶಕದ ಬಹಳಷ್ಟು ಮೆಷಿನ್‌ಗಳಲ್ಲಿ ಕೈ ಇರ್ತಿರ್ಲಿಲ್ಲ, ತಳದಲ್ಲಿ ಒಂದು ಸಣ್ಣ ರೆಕ್ಕೆ ಇರ್ತಿತ್ತು, ಅದು ಗಿರಗಿರ ತಿರುಗಿ ನಿಂತ ನೀರನ್ನ ಪಾತ್ರೆ ಮೇಲೆ ಎರಚೋದು. ಪಂಪಿಂದ ಒತ್ತಡ ಕೊಟ್ಟು ಕೈಯಲ್ಲಿರೋ ತೂತುಗಳ ಮೂಲಕ ನೀರು ಹೊಡೆಯೋದು ಬೇರೆ ಜಾತಿ.

ಇನ್ನು ನೀವಿರೋ ಜಾಗ. ಡೇಟನ್‌ಗೆ ಇಪ್ಪತ್ತು ಮೈಲಿ ಉತ್ತರಕ್ಕೆ ಟ್ರಾಯ್ ಅಂತ ಊರಿದೆ, ಅದು ಅಡುಗೆಮನೆ ಯಂತ್ರ ಮಾಡೋ ಹೋಬಾರ್ಟ್ ಕಂಪನಿಯ ತವರು. ಕಿಚನ್‌ಏಡ್ ಅನ್ನೋ ಹೆಸರು ಹುಟ್ಟಿದ್ದೇ ಹೋಬಾರ್ಟಿಂದ. ಡಿಶ್‌ವಾಶರ್ ಅವರ ಕೈಗೆ ಬಂದ ಕಥೆ ಇನ್ನೂ ಹಿಂದಿಂದು. ಇದೇ ಓಹಾಯೋದಲ್ಲಿ ಹುಟ್ಟಿದ ಜೋಸೆಫಿನ್ ಕಾಕ್ರೇನ್ ಅನ್ನೋ ಹೆಣ್ಣುಮಗಳು ಇಲಿನಾಯ್‌ನ ಶೆಲ್ಬಿವಿಲ್‌ನಲ್ಲಿದ್ದಾಗ ಪಾತ್ರೆ ತೊಳೆಯೋ ಯಂತ್ರ ಮಾಡಿ 1886ರ ಡಿಸೆಂಬರಲ್ಲಿ ಪೇಟೆಂಟ್ ಪಡೆದ್ರು, 1893ರ ಶಿಕಾಗೋ ವಿಶ್ವ ಮೇಳದಲ್ಲಿ ತೋರಿಸಿದ್ರು, ಹೋಟೆಲ್‌ಗಳಿಗೆ ಮಾರಿದ್ರು. ಅವರು ಕಟ್ಟಿದ ಕಂಪನಿನ ಹೋಬಾರ್ಟ್ 1926ರಲ್ಲಿ ತಗೊಂಡಿತು. ಮನೆಗಳಿಗೆ ಅಂತ ಕಿಚನ್‌ಏಡ್ ಡಿಶ್‌ವಾಶರ್ ಬಂದಿದ್ದು 1949ರಲ್ಲಿ. 1986ರಲ್ಲಿ ವರ್ಲ್‌ಪೂಲ್ ಆ ಹೆಸರನ್ನ ಕೊಂಡ್ಕೊಳ್ತು. ಹಾಗಾಗಿ ನಮ್ಮಂಥವರು ಹುಡುಕೋದು "ಹೋಬಾರ್ಟ್ ಕಾಲದ್ದಾ" ಅಂತ.

ಹಾಗಂತ ನಿಮ್ಮದು ಅದೇ ಅಂತ ಈಗಲೇ ಹೇಳಲ್ಲ. ಬಾಗಿಲಿನ ಕೆಳಗೆ ನೆಲಕ್ಕೆ ತಾಗಿದ ಹಾಗಿರೋ ತಗಡಿನ ಪ್ಯಾನಲ್ ತೆಗೀರಿ, ಸಾಮಾನ್ಯವಾಗಿ ಎರಡೇ ಸ್ಕ್ರೂ. ಟಾರ್ಚ್ ಹಿಡ್ಕೊಂಡು ಮಲಗಿ ನೋಡಿ. ಮಾಡೆಲ್ ಪ್ಲೇಟ್ ಅಲ್ಲಿ ಇರತ್ತೆ, ಇಲ್ದಿದ್ರೆ ಬಾಗಿಲಿನ ಅಂಚಲ್ಲಿ. ಪಕ್ಕದಲ್ಲಿ ಸಣ್ಣ ಮೋಟರ್ ಜೊತೆ ಒಂದು ಗಾಳಿ ಊದೋ ಬ್ಲೋವರ್ ಕಂಡ್ರೆ ನಂಗೆ ಹೇಳಿ. ಬೇರೆಯವರು ಬರೀ ಕಾಯಿಲ್ ಬಿಸಿ ಮಾಡಿ ಪಾತ್ರೆ ಒಣಗಿಸ್ತಿದ್ರು, ಹೋಬಾರ್ಟ್‌ನವರು ಫ್ಯಾನ್ ಹಾಕಿ ಬಿಸಿಗಾಳಿ ನೂಕ್ತಿದ್ರು.

ಗದಗಿನಾಂವ (ಇಂಡಿಯಾನಾಪೊಲಿಸ್)

ಭಟ್ರು ಹೇಳೂದು ಖರೇ ಅದ, ಆದ್ರ ಪ್ಲೇಟ್ ನೋಡೂ ತನಕಾ ಹೋಬಾರ್ಟ್ ಅಂತ ಮನಸ್ಸಿನ್ಯಾಗ ಗಟ್ಟಿ ಮಾಡ್ಕೋಬ್ಯಾಡ್ರಿ ಅಕ್ಕಾರ. ಆ ಕಾಲದಾಗ ಮ್ಯಾಲಿನ ಹೆಸರು ಒಂದು, ಒಳಗ ಮಾಡಿದಾಂವ ಇನ್ನೊಬ್ಬ. ನಮ್ಮ ಇಂಡಿಯಾನಾದಾಗ ಕಾನರ್ಸ್‌ವಿಲ್ ಅಂತ ಸಣ್ಣ ಊರದ, ಅಲ್ಲೆ ಡಿ ಆಂಡ್ ಎಂ ಅಂತ ಕಂಪನಿ ಇತ್ತು. ಅವರು ಎಷ್ಟೋ ಬ್ರ್ಯಾಂಡಿಗೆ ಮಷೀನ್ ಮಾಡಿ ಕೊಡ್ತಿದ್ರು. ಸಿಯರ್ಸ್ ಅಂಗಡಿಯ ಕೆನ್‌ಮೋರ್ ಆದ್ರ ಮಾಡೆಲ್ ನಂಬರಿನ ಮೊದಲ ಮೂರು ಅಂಕಿ ನೋಡ್ರಿ, 587 ಇದ್ರ ಡಿ ಆಂಡ್ ಎಂ, 665 ಇದ್ರ ವರ್ಲ್‌ಪೂಲ್. ಚುಕ್ಕಿ ಹಿಂದಿನ ಮೂರು ಅಂಕಿನ ಯಾರು ಮಾಡಿದ್ದು ಅಂತ ಹೇಳ್ತಾವ.

ಆ ಡಿ ಆಂಡ್ ಎಂ ಮಾಲಕ ಸ್ಯಾಮ್ ರೀಗನ್‌ಸ್ಟ್ರೀಫ್. ಡಿಶ್‌ವಾಶರ್ ಮಾರಿ ಗಳಿಸಿದ ರೊಕ್ಕದಿಂದ ನಮ್ಮೂರಾಗ ರೀಗನ್‌ಸ್ಟ್ರೀಫ್ ಇನ್‌ಸ್ಟಿಟ್ಯೂಟ್ ಅಂತ ವೈದ್ಯಕೀಯ ಸಂಶೋಧನಾ ಸಂಸ್ಥೆ ಆತು. ನಾನು ಆಸ್ಪತ್ರಿ ಸಾಫ್ಟ್‌ವೇರ್ ಕೆಲಸದಾಗ ಅದೀನಿ, ಲ್ಯಾಬ್ ಟೆಸ್ಟಿಗೆ ನಾವು ದಿನಾ ಬಳಸೂ ಲೋಯಿಂಕ್ ಕೋಡ್ 1994ರಾಗ ಶುರು ಮಾಡಿದ್ದು ಅದೇ ಸಂಸ್ಥೆ. ಬೆಂಗಳೂರಾಗ ಕುಂತು ಆಸ್ಪತ್ರಿ ಸಾಫ್ಟ್‌ವೇರ್ ಬರಿಯೂ ಹುಡುಗರೂ ಅದನ್ನ ಬಳಸ್ತಾರ. ಪಾತ್ರಿ ತೊಳಿಯೂ ಮಷೀನಿನ ರೊಕ್ಕ ಎಲ್ಲಿಗೆ ಹೋಗಿ ಮುಟ್ಟಿತು ನೋಡ್ರಿ, ನನಗ ಇದು ಭಾಳ ಹೆಮ್ಮಿ ಅನ್ನಿಸ್ತದ.

ವರ್ಷ ಹಿಡಿಯಾಕ ಒಂದು ಉಪಾಯ: ಪ್ಲೇಟ್ ಮ್ಯಾಲೆ ಪೇಟೆಂಟ್ ನಂಬರ್ ಇದ್ರ ಎಲ್ಲಾದಕ್ಕಿಂತ ದೊಡ್ಡ ನಂಬರ್ ಹಿಡೀರಿ. ಅಮೆರಿಕಾದ 30 ಲಕ್ಷನೇ ಪೇಟೆಂಟ್ ಕೊಟ್ಟಿದ್ದು 1961ರ ಸೆಪ್ಟೆಂಬರ್. ಅದಕ್ಕಿಂತ ದೊಡ್ಡ ನಂಬರ್ ಇದ್ರ ಮಷೀನ್ ಅದರ ನಂತರದ್ದು. ಪ್ಲಂಬರ್ ಹಚ್ಚಿದ ಸ್ಟಿಕರ್ ಇದ್ರ ವಿಳಾಸ ನೋಡ್ರಿ, ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದಂಗ) ಬಂದಿದ್ದು 1963ರ ಜುಲೈದಾಗ, ಅದು ಇರಲಿಲ್ಲಂದ್ರ ಸ್ಟಿಕರ್ ಅದಕ್ಕಿಂತ ಹಿಂದಿಂದು ಇರಬಹುದು. ಫೋನ್ ನಂಬರಿನ ಮುಂದ ಎರಡು ಅಕ್ಷರ ಇದ್ರ ಅದೂ ಹಳೀ ಪದ್ಧತಿ.

ಒಂದು ಮಾತು ಮಾತ್ರ ಹೇಳೇ ಬಿಡ್ತೀನಿ, ಹಳೀದು ಅಂತ ಪ್ರೀತಿ ಇರ್ಲಿ, ಆದ್ರ ಇವು ನೀರು ಭಾಳ ಕುಡೀತಾವ. ಅದನ್ನೂ ಲೆಕ್ಕಕ್ಕ ತಗೋರಿ.

ತುಂಗಾತೀರ

ಪ್ಯಾನಲ್ ತೆಗೆದ್ವಿ! ಪ್ಲೇಟ್ ಸಿಕ್ತು. ಕಿಚನ್‌ಏಡ್, ಹೋಬಾರ್ಟ್, ಟ್ರಾಯ್ ಓಹಾಯೋ ಅಂತ ಸ್ಪಷ್ಟವಾಗಿದೆ. ಮಾಡೆಲ್ ಕೆಡಿ ಅಂತ ಶುರುವಾಗತ್ತೆ, ಮುಂದಿನ ಅಂಕೆಗಳನ್ನ ತುಕ್ಕು ತಿಂದಿದೆ. ಪೇಟೆಂಟ್ ನಂಬರ್‌ಗಳಲ್ಲಿ ಜಾಸ್ತಿ 29 ಲಕ್ಷದಿಂದ ಶುರುವಾಗೋದು, ಒಂದೇ ಒಂದು 30 ಲಕ್ಷ ದಾಟಿದೆ. ಪಕ್ಕದ ಮರದ ಗೋಡೆಗೆ ಪ್ಲಂಬರ್ ಸ್ಟಿಕರ್ ಇದೆ, ಫೋನ್ ನಂಬರ್ ಮುಂದೆ ಎರಡು ಅಕ್ಷರ, ಜಿಪ್ ಕೋಡ್ ಇಲ್ಲ. ಅಲ್ಲಿಗೆ 1961ರ ಕೊನೆಯಿಂದ 1963ರ ಮಧ್ಯೆ, ಮನೆ ಕಟ್ಟಿದಾಗಲೇ ಹಾಕಿದ್ದು ಅಂತ ಆಯ್ತಲ್ವಾ? ಗದಗಿನವರಿಗೆ ತುಂಬಾ ಥ್ಯಾಂಕ್ಸ್, ಇಷ್ಟು ಸುಲಭವಾಗಿ ಇಸವಿ ಹಿಡೀಬಹುದು ಅಂತ ನಂಗೆ ಗೊತ್ತೇ ಇರ್ಲಿಲ್ಲ.

ಬ್ಲೋವರ್ ಇದೆ ಭಟ್ರೇ, ಬಲಗಡೆ, ಅದರ ಫ್ಯಾನ್ ತುಂಬ ಧೂಳು. ದೊಡ್ಡ ಮೋಟರ್ ಟ್ಯಾಂಕ್ ಕೆಳಗಡೆ ಇದೆ. ಟ್ಯಾಂಕ್ ಸುತ್ತ ಹಳದಿ ಉಣ್ಣೆ ಥರದ್ದು ಸುತ್ತಿದಾರೆ, ಬ್ಲೋವರ್ ಪೆಟ್ಟಿಗೆ ಹತ್ರ ಮಾತ್ರ ಬೂದು ಬಣ್ಣದ ಒಂದು ಹಲಗೆ ಥರ ಇದೆ, ಅಂಚು ಪುಡಿಯಾಗ್ತಿದೆ. ಕೆಲವು ವೈರ್ ಮೇಲೆ ಬಟ್ಟೆ ಸುತ್ತಿದೆ. ಮುಂದೇನು ಮಾಡ್ಲಿ?

ಶಾಕ್‌ಪ್ರೂಫ್ (ಡೆಟ್ರಾಯ್ಟ್ ಹತ್ರ)

ಭಟ್ರು ಬರೋ ಮುಂಚೆ ನಾನು ಬರೀತೀನಿ, ಯಾಕಂದ್ರೆ ಆ ಬೂದು ಹಲಗೆ ಅಂದಿದ್ದು ಕೇಳಿ ಸುಮ್ನಿರಕ್ಕಾಗ್ಲಿಲ್ಲ. ಅದನ್ನ ಮುಟ್ಬೇಡಿ, ಬ್ರಷ್ ಹಾಕ್ಬೇಡಿ, ವ್ಯಾಕ್ಯೂಮ್ ಅಂತೂ ಹಾಕ್ಲೇಬೇಡಿ. ಆ ಕಾಲದಲ್ಲಿ ಬಿಸಿ ಭಾಗದ ಹತ್ರ ಆಸ್ಬೆಸ್ಟಾಸ್ (ಪುಡಿ ಉಸಿರಲ್ಲಿ ಹೋದ್ರೆ ಶ್ವಾಸಕೋಶ ಹಾಳುಮಾಡೋ ನಾರು) ಹಲಗೆ, ಆಸ್ಬೆಸ್ಟಾಸ್ ಸುತ್ತಿದ ವೈರ್ ಎರಡೂ ಬಳಸ್ತಿದ್ರು. ಹಳದಿ ಉಣ್ಣೆ ಬಹುಶಃ ಗಾಜಿನ ನಾರು, ಬೂದು ಹಲಗೆ ಮಾತ್ರ ಅನುಮಾನ. ನಿಮ್ಮನೇಲಿ ಮಗು ಇದೆ. ಪ್ಯಾನಲ್ ವಾಪಸ್ ಹಾಕಿ, ಒಂದು ಲ್ಯಾಬ್‌ಗೆ ಸ್ಯಾಂಪಲ್ ಕಳಿಸಿ, ಸ್ಯಾಂಪಲ್ ತೆಗೆಯೋಕೂ ಆ ಕೆಲಸದವರನ್ನೇ ಕರೆಸಿ. ರಿಪೋರ್ಟ್ ಬರೋ ತನಕ ಮೆಷಿನ್ ಅಲ್ಲಾಡಿಸ್ಬೇಡಿ.

ಎರಡನೇದು ಕೆಪಾಸಿಟರ್, ಅಂದ್ರೆ ಮೋಟರ್ ಸ್ಟಾರ್ಟ್ ಆಗೋಕೆ ಸಹಾಯ ಮಾಡೋ ಭಾಗ. ಮೋಟರ್ ಪಕ್ಕ ತಗಡಿನ ಡಬ್ಬಿ ಥರದ್ದು ಏನಾದ್ರೂ ಇದ್ರೆ ನೋಡಿ. 1979ಕ್ಕಿಂತ ಹಿಂದಿನ ಕೆಪಾಸಿಟರ್‌ನಲ್ಲಿ ಪಿಸಿಬಿ ಅನ್ನೋ ವಿಷದ ಎಣ್ಣೆ ಇರೋ ಸಾಧ್ಯತೆ ಇದೆ. ಉಬ್ಬಿದ್ರೆ, ಜಿಡ್ಡು ಸೋರಿದ್ರೆ ಬರಿ ಕೈಯಲ್ಲಿ ಮುಟ್ಬೇಡಿ, ಕಸದ ಬುಟ್ಟಿಗೂ ಹಾಕ್ಬೇಡಿ, ಕೌಂಟಿಯ ಅಪಾಯಕಾರಿ ತ್ಯಾಜ್ಯ ತಗೊಳೋ ಕಡೆ ಕೊಡಿ. ಕೆಪಾಸಿಟರ್ ಇಲ್ದೆ ರಿಲೇಯಿಂದ ಸ್ಟಾರ್ಟ್ ಆಗೋ ಮೋಟರ್‌ಗಳೂ ಇವೆ, ಹಾಗಿದ್ರೆ ಈ ತಲೆನೋವೇ ಇಲ್ಲ.

ಮೂರನೇದು ಅರ್ತಿಂಗ್. 1962ರ ಮನೆಯಲ್ಲಿ ಆ ಲೈನಿಗೆ ಅರ್ತ್ ವೈರ್ ಇರ್ಬಹುದು, ಇಲ್ದೇನೂ ಇರ್ಬಹುದು. ತಗಡಿನ ಬಾಡಿ, ಒದ್ದೆ ಕೈ, ಪಕ್ಕದಲ್ಲಿ ಸಿಂಕ್, ಇದರ ಜೊತೆ ಅರ್ತ್ ಇಲ್ದಿರೋದು ಆಗ್ಬಾರದು. ಎಲೆಕ್ಟ್ರಿಷಿಯನ್ ಕರೆದು ಡಿಶ್‌ವಾಶರ್‌ಗೆ ಅಂತಲೇ ಪ್ರತ್ಯೇಕ ಲೈನ್ ಎಳೆಸಿ, ಜಿಎಫ್‌ಸಿಐ ಬ್ರೇಕರ್ ಹಾಕ್ಸಿ. ಅಮೆರಿಕಾದ ವೈರಿಂಗ್ ಕೋಡ್ 2014ರಿಂದ ಮನೆಯ ಡಿಶ್‌ವಾಶರ್‌ಗೆ ಅದನ್ನ ಕೇಳತ್ತೆ. ನಮ್ಮೂರಲ್ಲಿ ಇಎಲ್‌ಸಿಬಿ ಅಂತೀವಲ್ಲ ಅದೇ ಕೆಲಸ, ಆದ್ರೆ ಇದು ಇನ್ನೂ ಸೂಕ್ಷ್ಮ, ನಾಲ್ಕೈದು ಮಿಲಿ ಆಂಪ್ ಸೋರಿದ್ರೂ ಕಟ್ ಮಾಡತ್ತೆ. ಹಳೇ ಮೆಷಿನ್ ಹಾಕಿದ ತಕ್ಷಣ ಅದು ಟ್ರಿಪ್ ಆದ್ರೆ "ಬ್ರೇಕರ್ ಸರಿಯಿಲ್ಲ" ಅಂತ ಯಾರಾದ್ರೂ ಹೇಳ್ತಾರೆ, ನಂಬ್ಬೇಡಿ. ಒಳಗೆ ಎಲ್ಲೋ ಇನ್ಸುಲೇಷನ್ ಸೋರ್ತಿದೆ ಅಂತ ಅರ್ಥ.

ಪರೀಕ್ಷೆ ಹೀಗೆ ಮಾಡಿಸಿ. ಮಲ್ಟಿಮೀಟರ್‌ನಲ್ಲಿ ಹೀಟರ್ ರೆಸಿಸ್ಟೆನ್ಸ್ ನೋಡಿ. ಪ್ಲೇಟ್ ಮೇಲೆ ವ್ಯಾಟ್ ಬರೆದಿರತ್ತೆ, 14,400ನ್ನ ಆ ವ್ಯಾಟ್‌ನಿಂದ ಭಾಗಿಸಿ. 120 ವೋಲ್ಟ್‌ಗೆ 750 ವ್ಯಾಟ್ ಅಂದ್ರೆ ಸುಮಾರು 19 ಓಮ್ ಬರ್ಬೇಕು. ಅಲ್ಲಿಗೆ ಹೀಟರ್ ತುಂಡಾಗಿಲ್ಲ ಅಂತ ಗೊತ್ತಾಗತ್ತೆ, ಬಾಡಿಗೆ ಸೋರ್ತಿಲ್ಲ ಅಂತ ಗೊತ್ತಾಗಲ್ಲ. ಅದಕ್ಕೆ 500 ವೋಲ್ಟ್ ಮೆಗ್ಗರ್, ಅಂದ್ರೆ ಇನ್ಸುಲೇಷನ್ ಅಳೆಯೋ ಮೀಟರ್ ಬೇಕು. ಮೋಟರ್, ಹೀಟರ್, ಬ್ಲೋವರ್ ಮೂರನ್ನೂ ಬೇರೆ ಬೇರೆ ಬಿಡಿಸಿ ಬಾಡಿಗೆ ಹಿಡಿದು ನೋಡ್ಬೇಕು. ಬಟ್ಟೆ ಸುತ್ತಿದ ವೈರ್ ಎಲ್ಲಾ ಬದಲಾಯಿಸಿ, ಸಾಮಾನ್ಯ ವೈರ್ ಹಾಕ್ಬೇಡಿ, ಬಿಸಿ ತಡೆಯೋ ಅಪ್ಲಯನ್ಸ್ ವೈರ್ ಅಂತಲೇ ಸಿಗತ್ತೆ. ಬಿಚ್ಚೋ ಮುಂಚೆ ಒಂದೊಂದು ವೈರಿಗೂ ನಂಬರ್ ಚೀಟಿ ಅಂಟಿಸಿ ಫೋಟೋ ತಗೊಳಿ.

ಪಂಪ್ ಭಟ್

ಶಾಕ್‌ಪ್ರೂಫ್ ಬರೆದಿದ್ದು ನೂರಕ್ಕೆ ನೂರು ಸರಿ, ಲ್ಯಾಬ್ ರಿಪೋರ್ಟ್ ಆದ್ಮೇಲೇ ನನ್ನ ಕೆಲಸ.

ರಿಪೋರ್ಟ್ ಚೆನ್ನಾಗಿ ಬಂತು ಅಂತಿಟ್ಕೊಳಿ. ಮೊದಲು ಟ್ಯಾಂಕ್. ಜಾಲರಿ ಎರಡೂ ಹೊರಗೆ ತೆಗೆದು ತಳದ ಮೂಲೆಗಳು, ಪಂಪ್ ಸೇರೋ ಗುಂಡಿಯ ಅಂಚು, ಬಾಗಿಲಿನ ಹಿಂಜ್ ಹತ್ರ, ಇಷ್ಟು ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಟಣ್ ಅಂದ್ರೆ ತಗಡು ಗಟ್ಟಿ ಇದೆ. ದಬ್ ಅಂದ್ರೆ ಪಿಂಗಾಣಿ ಅಡಿಯಲ್ಲಿ ತುಕ್ಕು ತಿಂದಿದೆ. ಪಂಪ್ ಗುಂಡಿ ಸುತ್ತ ತೂತು ಬಿದ್ದಿದ್ರೆ ಈ ಮೆಷಿನ್ ಕಥೆ ಅಲ್ಲಿಗೇ ಮುಗೀತು, ಆಮೇಲೆ ಎಷ್ಟು ಖರ್ಚು ಮಾಡಿದ್ರೂ ನಿಲ್ಲಲ್ಲ, ಹೊಸದೇ ತಗೊಳಿ ಅಂತೀನಿ. ಬಾಗಿಲ ಹತ್ರದ ಚಕ್ಕೆಗಳು ದೊಡ್ಡ ವಿಷಯ ಅಲ್ಲ. ತುಕ್ಕು ಕೆರೆದು ಹೊಳೆಯೋ ಲೋಹ ಬರೋ ತನಕ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಬಿಸಿನೀರು ತಡೆಯೋ ಎರಡು ಭಾಗದ ಎಪಾಕ್ಸಿ ತೆಳ್ಳಗೆ ಎರಡು ಸಲ ಹಚ್ಚಿ. ಪೂರ್ತಿ ಗಟ್ಟಿಯಾಗೋಕೆ ಡಬ್ಬಿ ಮೇಲೆ ಎಷ್ಟು ದಿನ ಬರೆದಿದಾರೋ ಅಷ್ಟೂ ದಿನ ಬಿಡಿ.

ಆಮೇಲೆ ಸೀಲ್. ಹಳೇ ಡಿಶ್‌ವಾಶರ್ ಬದುಕತ್ತಾ ಇಲ್ವಾ ಅನ್ನೋದು ಇದರಲ್ಲೇ ಇದೆ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. ಮೋಟರ್ ಶಾಫ್ಟ್ ಟ್ಯಾಂಕಿನೊಳಗೆ ಬರೋ ಜಾಗದಲ್ಲಿ ಎರಡು ಉಂಗುರ ಒಂದರ ಮೇಲೊಂದು ಕೂತಿರತ್ತೆ, ಒಂದು ಕಾರ್ಬನ್, ಇನ್ನೊಂದು ಸೆರಾಮಿಕ್. ಒಂದು ನಿಂತಿರತ್ತೆ, ಇನ್ನೊಂದು ಶಾಫ್ಟ್ ಜೊತೆ ತಿರುಗತ್ತೆ, ಹಿಂದಿಂದ ಸ್ಪ್ರಿಂಗ್ ಒತ್ತಿ ಹಿಡಿದಿರತ್ತೆ. ಎರಡು ಮುಖಗಳ ಮಧ್ಯೆ ಇರೋ ತೆಳು ನೀರಿನ ಪೊರೆಯೇ ಅದಕ್ಕೆ ಗ್ರೀಸ್. ವರ್ಷಗಟ್ಟಲೆ ಒಣಗಿದ್ರೆ ನೀರಿನ ಸುಣ್ಣ ಅಲ್ಲೇ ಗಟ್ಟಿಯಾಗಿ ಎರಡೂ ಅಂಟ್ಕೊಳತ್ತೆ, ಹಿಂದಿನ ರಬ್ಬರ್ ಕಲ್ಲಾಗತ್ತೆ. ನಿಮ್ಮ ಕಡೆ ಬಾವಿ ನೀರಿದ್ರೆ ಸುಣ್ಣ ಜಾಸ್ತಿ. ಹಾಗಾಗಿ ಕರೆಂಟ್ ಇಲ್ದೆ, ಗುಂಡಿ ಮುಳುಗೋ ಅಷ್ಟು ಬಿಸಿನೀರು ಹಾಕಿ, ಅದಕ್ಕೆ ಒಂದೆರಡು ಚಮಚ ಸಿಟ್ರಿಕ್ ಆಸಿಡ್, ಅದೇ ನಿಂಬೆ ಉಪ್ಪು, ಹಾಕಿ ಒಂದರ್ಧ ಗಂಟೆ ಬಿಡಿ, ರಾತ್ರಿಯೆಲ್ಲಾ ಬಿಡ್ಬೇಡಿ, ಪಿಂಗಾಣಿಯ ಹೊಳಪು ಹೋಗತ್ತೆ. ಅದನ್ನ ಹೊರಗೆ ತೆಗೆದು ಬರೀ ನೀರು ತುಂಬಿಸಿ ಒಂದು ದಿನ ಹಾಗೇ ಇಡಿ. ಆಮೇಲೆ ಕೆಳಗಿಂದ ಮೋಟರ್ ಶಾಫ್ಟ್‌ನ ಕೈಯಲ್ಲೇ ತಿರುಗಿಸಿ. ಮೊದಲು ಬಿಗಿಯಾಗಿದ್ದು ಆಮೇಲೆ ಸಡಿಲ ಆದ್ರೆ ಒಳ್ಳೇ ಲಕ್ಷಣ. ಇಕ್ಕಳ ಹಾಕಿ ತಿರುಗಿಸೋ ಪರಿಸ್ಥಿತಿ ಬಂದ್ರೆ ಅಲ್ಲೇ ನಿಲ್ಸಿ, ಮೋಟರ್ ಇಳಿಸಿ ಸೀಲ್ ಬದಲಾಯಿಸೋದೇ ಸರಿ. ಹೊಸ ಸೀಲ್‌ಗೆ ಆ ಮಾಡೆಲ್ ನಂಬರ್ ಬೇಕೇ ಬೇಕು ಅಂತೇನಿಲ್ಲ, ಶಾಫ್ಟ್ ದಪ್ಪ, ಸೀಲ್ ಕೂರೋ ಗುಂಡಿಯ ಅಗಲ, ಎತ್ತರ, ಈ ಮೂರು ಅಳತೆ ಕೊಟ್ರೆ ಪಂಪ್ ಸೀಲ್ ಮಾರೋರು ಹುಡುಕಿ ಕೊಡ್ತಾರೆ. ರಬ್ಬರ್ ಇಪಿಡಿಎಂ ಅನ್ನೋ ಜಾತಿದು ಇರ್ಲಿ, ಬಿಸಿನೀರು ಮತ್ತೆ ಸೋಪಿನ ಕ್ಷಾರಕ್ಕೆ ಅದು ತಡೆಯತ್ತೆ. ಆದ್ರೆ ಇಪಿಡಿಎಂಗೆ ಪೆಟ್ರೋಲಿಯಂ ಗ್ರೀಸ್, ವ್ಯಾಸಲೀನ್ ಹಚ್ಬಾರ್ದು, ಉಬ್ಬಿ ಹಾಳಾಗತ್ತೆ.

ಟೈಮರ್ ಗಡಿಯಾರದ ಥರ ಹಲ್ಲುಚಕ್ರದ್ದು, ಅದರ ಕಾಂಟ್ಯಾಕ್ಟ್‌ಗೆ ಸ್ಪ್ರೇ ಕ್ಲೀನರ್ ಸಾಕು, ಮರಳು ಕಾಗದ ಹಾಕ್ಬೇಡಿ. ಬಾಗಿಲಿನ ಸ್ಪ್ರಿಂಗ್ ಬಿಚ್ಚುವಾಗ ಒಬ್ರು ಬಾಗಿಲು ಹಿಡ್ಕೊಳಿ, ಆ ಭಾರ ಕಾಲ ಮೇಲೆ ಬಿದ್ರೆ ಮೂಳೆ ಮುರಿಯತ್ತೆ. ಇನ್ನೊಂದು, ಮೆಷಿನ್ ಹೊರಗೆ ಎಳೆಯೋ ಮುಂಚೆ ಅಡುಗೆಮನೆ ನೆಲ ನೋಡಿ. ಮೆಷಿನ್ ಕೂರಿಸಿದ ಮೇಲೆ ಮುಂದೆ ಟೈಲ್ ಹಾಕಿದ್ರೆ ನೆಲ ಎತ್ತರ ಆಗಿ ಅದು ಒಳಗೇ ಸಿಕ್ಕೊಂಡಿರತ್ತೆ. ಕಾಲಿನ ಸ್ಕ್ರೂ ಇಳಿಸಿ ನೋಡ್ಬೇಕು, ಅದಕ್ಕೂ ಬರ್ದಿದ್ರೆ ಕೌಂಟರ್ ಎತ್ಬೇಕಾಗತ್ತೆ.

ಕರಿಬೇವಿನ ಕಡ್ಡಿ (ನ್ಯೂಜೆರ್ಸಿ)

ನಮ್ಮನೇಲೂ ಹೋಬಾರ್ಟ್ ಕಾಲದ ಕಿಚನ್‌ಏಡ್ ಇದೆ, ನಿಮ್ಮದಕ್ಕಿಂತ ಸ್ವಲ್ಪ ಹೊಸದು, ದಿನಾ ಬಳಸ್ತೀವಿ. ರಿಪೇರಿ ವಿಷಯ ಮೇಲಿನವರು ಹೇಳಿದಾರೆ, ನಾನು ನಮ್ಮ ಅಡುಗೆಗೆ ಹೇಗೆ ಹೊಂದಿಸ್ಕೊಳೋದು ಅಂತ ಹೇಳ್ತೀನಿ.

ಸಾಸಿವೆ! ಒಗ್ಗರಣೆ ಪಾತ್ರೆ ಹಾಗೇ ಇಟ್ರೆ ಸಾಸಿವೆ ಕಾಳು ಹೋಗಿ ಆ ತಿರುಗೋ ಕೈಯ ತೂತಲ್ಲಿ ಸರಿಯಾಗಿ ಕೂತ್ಕೊಳತ್ತೆ. ಅಳತೆ ಕೊಟ್ಟು ಮಾಡ್ಸಿದ ಹಾಗೆ. ನಾಲ್ಕು ತೂತು ಕಟ್ಟಿದ್ರೆ ಕೈ ನಿಧಾನ ಆಗತ್ತೆ, ಮೇಲಿನ ಜಾಲರಿಗೆ ನೀರೇ ಮುಟ್ಟಲ್ಲ. ಆಗಾಗ ಕೈ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಟೂತ್‌ಪಿಕ್‌ನಲ್ಲಿ ಹೊರಗೆ ತಳ್ಳಿ, ಒಳಗೆ ತಳ್ಬೇಡಿ. ಅನ್ನದ ಅಗುಳು, ಕರಿಬೇವಿನ ಎಲೆ, ಹುಣಸೆ ನಾರು ಇವನ್ನೂ ತಟ್ಟೆಯಿಂದ ಝಾಡಿಸಿ ಹಾಕಿ.

ಬಿಸಿನೀರು ಬಹಳ ಮುಖ್ಯ. ಹಳೇ ಮೆಷಿನ್ ಸುಮಾರು 140 ಡಿಗ್ರಿ ಫ್ಯಾರನ್‌ಹೀಟ್ ನೀರು ಬರತ್ತೆ ಅಂತ ನಂಬಿ ಮಾಡಿರೋದು, ಈಗ ಮನೆಗಳಲ್ಲಿ ಗೀಸರ್ 120ಕ್ಕೆ ಇಟ್ಟಿರ್ತಾರೆ. ಮಗು ಇರೋ ಮನೇಲಿ ಸುಮ್ನೆ ಜಾಸ್ತಿ ಮಾಡ್ಬೇಡಿ, ನಲ್ಲಿಗೆ ತಣ್ಣೀರು ಬೆರೆಸೋ ಮಿಕ್ಸಿಂಗ್ ವಾಲ್ವ್ ಹಾಕಿಸಿದ್ರೆ ಮಾತ್ರ ಏರಿಸಿ. ಅದಿಲ್ದಿದ್ರೂ ಮೆಷಿನ್ ಶುರು ಮಾಡೋ ಮುಂಚೆ ಸಿಂಕ್ ನಲ್ಲಿ ಬಿಸಿ ಆಗೋ ತನಕ ಬಿಡಿ, ಆ ನೀರನ್ನ ಬಕೆಟ್‌ಗೆ ಹಿಡಿದು ಬೇಳೆ ಪಾತ್ರೆ ನೆನೆಹಾಕಿ. ಇಲ್ದಿದ್ರೆ ಪೈಪಲ್ಲಿ ನಿಂತಿರೋ ತಣ್ಣೀರೇ ಮೊದಲ ಸಲ ತುಂಬ್ಕೊಳತ್ತೆ, ತುಪ್ಪದ ಜಿಡ್ಡು ಕರಗಲ್ಲ.

ಸೋಪು: ಈ ಮೆಷಿನ್‌ಗಳು ಫಾಸ್ಫೇಟ್ ಇದ್ದ ಕಾಲದವು. 2010ರಿಂದ ಹಲವು ರಾಜ್ಯಗಳಲ್ಲಿ ಅದನ್ನ ಹೆಚ್ಚುಕಮ್ಮಿ ನಿಲ್ಲಿಸಿದ್ರು, ಈಗಿನದು ಎನ್‌ಜೈಮ್ ಮೇಲೆ ಕೆಲಸ ಮಾಡೋದು, ಅದಕ್ಕೆ ಬಿಸಿನೂ ಬೇಕು ಸಮಯನೂ ಬೇಕು. ಪಾಡ್ (ಸೋಪಿನ ಸಣ್ಣ ಪೊಟ್ಟಣ) ಹಾಕ್ಬೇಡಿ, ಪುಡಿ ಹಾಕಿ, ಎರಡು ಬಟ್ಟಲಿದ್ರೆ ಎರಡಕ್ಕೂ. ಗಡಸು ನೀರಾದ್ರೆ ಸ್ವಲ್ಪ ಜಾಸ್ತಿ.

ಜಾಲರಿಯ ಕಡ್ಡಿಗಳು ಅವರ ಪಿಂಗಾಣಿ ಪ್ಲೇಟ್‌ಗೆ ಅಂತ ಮಾಡಿರೋದು, ನಮ್ಮ ಅಂಚಿನ ಸ್ಟೀಲ್ ತಟ್ಟೆ ಒಂದು ಸಾಲು ಬಿಟ್ಟು ಒಂದು ಸಾಲು ಇಟ್ರೆ ಮಧ್ಯೆ ನೀರು ಹೋಗತ್ತೆ. ಲೋಟ ಎಲ್ಲಾ ಬೋರಲು, ಸ್ವಲ್ಪ ಓರೆಯಾಗಿ. ಹಾಕ್ಬಾರದ್ದು: ಅಲ್ಯೂಮಿನಿಯಂ ಕುಕ್ಕರ್ ಮತ್ತೆ ಇಡ್ಲಿ ತಟ್ಟೆ, ಕಪ್ಪಾಗಿ ಕೈಗೆ ಅಂಟತ್ತೆ. ಕಬ್ಬಿಣದ ಬಾಣಲೆ, ದೋಸೆ ಕಾವಲಿ, ಒಗ್ಗರಣೆ ಸೌಟು. ಕಲಾಯಿ ಹಾಕಿದ ಹಿತ್ತಾಳೆ. ಕಲ್ಚಟ್ಟಿ ಅಂತೂ ಖಂಡಿತ ಬೇಡ, ಸೋಪು ಹೀರ್ಕೊಂಡು ಮುಂದಿನ ಗೊಜ್ಜಿಗೆ ಬಿಡತ್ತೆ.

ಜಾಲರಿ ಕೋಟಿಂಗ್‌ಗೆ ಡಿಶ್‌ವಾಶರ್ ಜಾಲರಿಗೇ ಅಂತ ವಿನೈಲ್ ಪೇಂಟ್, ಕಡ್ಡಿ ತುದಿಗೆ ಹಾಕೋ ಸಣ್ಣ ಟೋಪಿ ಎರಡೂ ಸಿಗತ್ತೆ. ತುಕ್ಕು ಪೂರ್ತಿ ತೆಗೀದೆ ಹಚ್ಚಿದ್ರೆ ಒಳಗೊಳಗೇ ತಿಂತಾ ಹೋಗತ್ತೆ.

ಗದಗಿನಾಂವ

ಇವು ನೀರು ಭಾಳ ಕುಡೀತಾವ ಅಂದಿದ್ದೆ, ಈಗ ಅದರ ಲೆಕ್ಕಾ ಹೇಳ್ತೀನಿ. ಹಳೀ ಮಷೀನ್ ಒಂದು ಸರ್ತಿಗೆ 12ರಿಂದ 15 ಗ್ಯಾಲನ್ ತಗೋತಾವ. 14 ಅಂತ ಹಿಡೀರಿ, 53 ಲೀಟರ್ ಆತು. 2013ರಿಂದ ಇಲ್ಲಿ ಹೊಸಾ ದೊಡ್ಡ ಮಷೀನಿಗೆ ಕಾಯ್ದೆ ಪ್ರಕಾರ 5 ಗ್ಯಾಲನ್ನೇ ಮಿತಿ, ಚಲೋವು 3 ಚಿಲ್ಲರದಾಗ ಮುಗಿಸ್ತಾವ, ಅಂದ್ರ 12 ಲೀಟರ್. 53 ಲೀಟರ್ ನೀರು 15 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಸಾಕ ಸುಮಾರು 2.8 ಯೂನಿಟ್ ಬೇಕು, 12 ಲೀಟರಿಗೆ 0.6. ಪ್ರತಿ ಸರ್ತಿ ಎರಡು ಯೂನಿಟ್ ಮ್ಯಾಲೆ ಫರಕ್. ನೀರಿಗಾಗಿ ಕೊಡ ಹೊತ್ತ ಊರಿಂದ ಬಂದಾಂವ ನಾನು, ನನಗ ಇದು ಸಣ್ಣ ಮಾತಲ್ಲ.

ನಿಮ್ಮದು ಖರೇ ಎಷ್ಟು ಕುಡೀತದ ಅನ್ನೂದು ಅಳೀರಿ. ಡ್ರೈನ್ ಪೈಪ್ ಸಿಂಕಿನಿಂದ ಬಿಚ್ಚಿ ಬಕೆಟ್ಟಿಗೆ ಬಿಡ್ರಿ, ಪ್ರತಿ ಸರ್ತಿ ಹೊರಗ ಬಂದಿದ್ದು ಕೂಡಿಸ್ರಿ. ಅದರಿಂದ ಇನ್ನೊಂದು ಲಾಭ ಅದ, ಈ ಕಾಲದ ಭಾಳ ಮಷೀನ್ ನೀರಿನ ಮಟ್ಟ ನೋಡಿ ನಿಲ್ಲೂದಿಲ್ಲ, ಇಷ್ಟು ಹೊತ್ತು ಅಂತ ವಾಲ್ವ್ ತೆಗೀತಾವ. ಮನಿ ಪ್ರೆಶರ್ ಕಡಿಮಿ ಇದ್ರ, ವಾಲ್ವಿನ ಜರಡಿ ಕಟ್ಟಿದ್ರ ನೀರು ಸಾಲೂದಿಲ್ಲ, ಪಂಪ್ ಗಾಳಿ ಎಳಕೊಂಡು ಗರ್ ಅಂತದ, ಜನ ಮೋಟರ್ ಹೋತು ಅಂತಾರ.

ತುಂಗಾತೀರ

ಎಲ್ರಿಗೂ ಅಪ್‌ಡೇಟ್. ಲ್ಯಾಬ್ ರಿಪೋರ್ಟ್ ಬಂತು, ಬೂದು ಹಲಗೆಯಲ್ಲಿ ಆಸ್ಬೆಸ್ಟಾಸ್ ಇದೆ, ಹಳದಿ ಉಣ್ಣೆಯಲ್ಲಿ ಮತ್ತೆ ವೈರ್ ಮೇಲಿನ ಬಟ್ಟೆಯಲ್ಲಿ ಇಲ್ಲ. ಲೈಸೆನ್ಸ್ ಇರೋರು ಬಂದು ಆ ಹಲಗೆ ತೆಗೆದು ಶುಚಿ ಮಾಡಿ ಕೊಟ್ರು, ಅದರ ಜಾಗಕ್ಕೆ ಸೆರಾಮಿಕ್ ಹಲಗೆ ಹಾಕಿಸಿದ್ವಿ. ಹೊಸ ಲೈನ್, ಜಿಎಫ್‌ಸಿಐ ಎರಡೂ ಆಯ್ತು. ಮೆಗ್ಗರ್‌ನಲ್ಲಿ ಮೋಟರ್, ಬ್ಲೋವರ್ ಪಾಸ್, ಹೀಟರ್ ಮಾತ್ರ ಮೊದಲು ಸ್ವಲ್ಪ ಸೋರ್ತಿತ್ತು, ಎಲೆಕ್ಟ್ರಿಷಿಯನ್ ಅದನ್ನ ಬಿಚ್ಚಿ ಓವನ್‌ನಲ್ಲಿ ಕಡಿಮೆ ಬಿಸಿಯಲ್ಲಿಟ್ಟು ಒಳಗಿನ ತೇವ ಆರಿಸಿ ಮತ್ತೆ ನೋಡಿದ್ರು, ಈಗ ಚೆನ್ನಾಗಿದೆ. ಟ್ಯಾಂಕ್ ಎಲ್ಲಾ ಕಡೆ ಟಣ್ ಅಂತು ಭಟ್ರೇ! ಶಾಫ್ಟ್ ಒಂದಿನ ನೆನೆಸಿದ ಮೇಲೆ ಕೈಯಲ್ಲೇ ತಿರುಗ್ತು.

ಇವತ್ತು ಖಾಲಿ ಮೆಷಿನ್ ಓಡಿಸಿದ್ವಿ. ಶಬ್ದ ಜಾಸ್ತಿನೇ, ಆದ್ರೆ ಆ ನೀರು ಬಾಗಿಲಿಗೆ ಬಡಿಯೋ ರಭಸ ಕೇಳಿ ನಮ್ಮನೆಯವರೇ ಸುಮ್ನೆ ನಿಂತು ನೋಡ್ತಿದ್ರು, ಈಗ ಹೊಸದರ ಮಾತೆತ್ತಿಲ್ಲ. ಬಕೆಟ್ ಲೆಕ್ಕ 13 ಗ್ಯಾಲನ್ ಹತ್ರ ಬಂತು. ಗದಗಿನವರ ಮಾತು ಮನಸ್ಸಲ್ಲಿದೆ, ಹಾಗಾಗಿ ತುಂಬಿದ ಮೇಲೇ ಓಡಿಸೋದು, ಸಣ್ಣ ಪುಟ್ಟದ್ದು ಕೈಯಲ್ಲೇ ತೊಳೆಯೋದು ಅಂತ ಮಾಡಿದೀವಿ.

ಒಂದು ಅನುಮಾನ ಉಳಿದಿದೆ. ಕೆಳಗೆ ಬಿಳಿ ಕಾಗದ ಹಾಸಿದ್ವಿ, ಮೋಟರ್ ಮೇಲ್ಗಡೆಯಿಂದ ಮೂರು ಹನಿ ಬಿದ್ದಿದೆ. ಪೈಪ್ ಜಾಯಿಂಟ್ ಎಲ್ಲಾ ಒಣಗಿದೆ. ಸೀಲ್ ಹೋಗಿದೆ ಅಂತನಾ?

ಪಂಪ್ ಭಟ್

ಭಾಳ ಸಂತೋಷ ಆಯ್ತು ಮೇಡಂ. ಮೂರು ಹನಿಗೆ ಈಗಲೇ ಮೋಟರ್ ಇಳಿಸ್ಬೇಡಿ. ಒಣಗಿದ್ದ ಮುಖಗಳು ಮತ್ತೆ ಹೊಂದ್ಕೊಳೋಕೆ ಕೆಲವು ಸಲ ಓಡ್ಬೇಕು. ಪ್ರತಿ ಸಲ ಹೊಸ ಕಾಗದ ಹಾಸಿ, ತಾರೀಕು ಬರೆದಿಡಿ. ಹನಿ ಕಮ್ಮಿ ಆಗ್ತಾ ಬಂದ್ರೆ ಸೀಲ್ ಕೂತ್ಕೊಳ್ತಿದೆ. ಅಷ್ಟೇ ಇದ್ರೆ ಅಥವಾ ಜಾಸ್ತಿ ಆದ್ರೆ ಬದಲಾಯಿಸಿ, ತಡ ಮಾಡ್ಬೇಡಿ, ಕೆಳಗಿನ ಬೇರಿಂಗ್‌ಗೆ ಸೋಪು ನೀರು ಇಳಿದ್ರೆ ಆಮೇಲೆ ಮೋಟರ್‌ನೇ ಬಿಚ್ಬೇಕಾಗತ್ತೆ. ಆ ತನಕ ಯಾರೂ ಮನೇಲಿಲ್ದಾಗ ಓಡಿಸ್ಬೇಡಿ.

ಬದಲಾಯಿಸೋ ದಿನ ಬಂದ್ರೆ, ಹೊಸ ಕಾರ್ಬನ್ ಮುಖಕ್ಕೂ ಸೆರಾಮಿಕ್ ಮುಖಕ್ಕೂ ಬೆರಳು ತಾಗಿಸ್ಬೇಡಿ, ಕೈಯ ಜಿಡ್ಡು ಸಾಕು ಸರಿಯಾಗಿ ಕೂರದೇ ಇರೋಕೆ. ಶುಭ್ರ ಬಟ್ಟೆಯಲ್ಲಿ ಹಿಡಿದು, ರಬ್ಬರ್‌ಗೆ ಮಾತ್ರ ಒಂದು ಹನಿ ಪಾತ್ರೆ ಸೋಪಿನ ನೀರು ಸವರಿ, ನೇರವಾಗಿ ಒತ್ತಿ ಕೂರಿಸಿ. ಅಳತೆ ತೆಗೆದ ಮೇಲೆ ಇಲ್ಲಿ ಹಾಕಿ, ಸೀಲ್ ಹುಡುಕೋದು ನನ್ನ ಜವಾಬ್ದಾರಿ.